ಎಲ್ಟ್ಸ್ ಕೋಟೆ: ಮೂರು ಪಾಲಾದರೂ ಒಡೆಯದೆ ಉಳಿದ ಕಣಿವೆಯ ಕೋಟೆ

ಜರ್ಮನಿಯ ಪಶ್ಚಿಮ ಭಾಗದಲ್ಲಿ, ಮೊಸೆಲ್ ನದಿಗೆ ಸೇರುವ ಪುಟ್ಟ ತೊರೆಯೊಂದರ ಕಣಿವೆಯಲ್ಲಿ, ಎಂಟೂವರೆ ಶತಮಾನಗಳಿಗೂ ಹೆಚ್ಚು ಕಾಲದಿಂದ ಒಂದೇ ಮನೆತನದ ಕೈಯಲ್ಲಿರುವ ಕೋಟೆಯೊಂದಿದೆ. ಅದುವೇ ಎಲ್ಟ್ಸ್ ಕೋಟೆ. ಜರ್ಮನ್ ಭಾಷೆಯಲ್ಲಿ ಇದನ್ನು 'ಬುರ್ಗ್ ಎಲ್ಟ್ಸ್' ಎಂದು ಕರೆಯುತ್ತಾರೆ. ಮೊಸೆಲ್ ಮತ್ತು ರೈನ್ ನದಿಗಳ ಆಸುಪಾಸಿನ ಬಹುಪಾಲು ಕೋಟೆಗಳು ಯುದ್ಧ, ಬೆಂಕಿ, ಲೂಟಿಗೆ ಸಿಕ್ಕಿ ಪಾಳುಬಿದ್ದವು. ಇಂದು ಅಲ್ಲಿ ಪ್ರವಾಸಿಗರು ನೋಡುವ ಎಷ್ಟೋ ಕೋಟೆಗಳು 19ನೇ ಶತಮಾನದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದವು. ಎಲ್ಟ್ಸ್ ಮಾತ್ರ ಒಮ್ಮೆಯೂ ಶತ್ರುವಿನ ಕೈಯಲ್ಲಿ ನಾಶವಾಗಲಿಲ್ಲ.

ಹಾಗೆಂದು ಇದು ಯಾರೂ ಗೆಲ್ಲಲಾಗದ ಅಭೇದ್ಯ ಕೋಟೆಯೇನೂ ಆಗಿರಲಿಲ್ಲ. ಸುತ್ತಲಿನ ಗುಡ್ಡಗಳು ಕೋಟೆಗಿಂತ ಎತ್ತರವಾಗಿವೆ. ಒಮ್ಮೆ ಮುತ್ತಿಗೆಗೆ ಸಿಕ್ಕಿ ಇದರ ಒಡೆಯರು ಶರಣಾಗಿದ್ದೂ ಉಂಟು. ಸೋದರರ ನಡುವೆ ಮೂರು ಪಾಲಾದ ಮೇಲೂ ಹೆಬ್ಬಾಗಿಲು ಒಂದೇ ಆಗಿ ಉಳಿಯಿತು. ಕಷ್ಟದ ಕಾಲ ಬಂದಾಗಲೆಲ್ಲ ಮನೆತನದವರು ಮಾತುಕತೆ, ಒಪ್ಪಂದ, ಪ್ರಭಾವಗಳನ್ನು ಬಳಸಿ ಕೋಟೆಯನ್ನು ಕಾಪಾಡಿಕೊಂಡರು. ಮಧ್ಯಯುಗದ ಐರೋಪ್ಯ ಕೋಟೆಯೊಂದು ಹೇಗೆ ಕಟ್ಟಲ್ಪಟ್ಟಿತು, ಅದರೊಳಗೆ ಜನ ಹೇಗೆ ಬದುಕಿದರು, ಅದು ಹೇಗೆ ಉಳಿಯಿತು ಎಂಬುದನ್ನು ತಿಳಿಯಲು ಎಲ್ಟ್ಸ್‌ಗಿಂತ ಒಳ್ಳೆಯ ಉದಾಹರಣೆಗಳು ಅಪರೂಪ.

ಎಲ್ಲಿದೆ ಈ ಕೋಟೆ?

ರೈನ್‌ಲ್ಯಾಂಡ್-ಪ್ಯಾಲಟಿನೇಟ್ ರಾಜ್ಯದಲ್ಲಿ, ಕೊಬ್ಲೆಂಟ್ಸ್ ಮತ್ತು ಟ್ರಿಯರ್ ನಗರಗಳ ನಡುವೆ, ವಿಯರ್ಶೆಮ್ ಎಂಬ ಹಳ್ಳಿಯ ವ್ಯಾಪ್ತಿಯಲ್ಲಿ ಈ ಕೋಟೆ ಇದೆ. ಐಫೆಲ್ ಎಂಬ ಗುಡ್ಡಗಾಡಿನಲ್ಲಿ ಹುಟ್ಟುವ ಎಲ್ಟ್ಸ್‌ಬಾಖ್ ತೊರೆ ಕಾಡಿನ ನಡುವೆ ಬಳುಕುತ್ತಾ ಬಂದು ಮೊಸೆಲ್‌ಕರ್ನ್ ಎಂಬಲ್ಲಿ ಮೊಸೆಲ್ ನದಿಯನ್ನು ಸೇರುತ್ತದೆ. ಹೀಗೆ ಬರುವ ದಾರಿಯಲ್ಲಿ ಸುಮಾರು 70 ಮೀಟರ್ ಎತ್ತರದ ಬಂಡೆಯೊಂದನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ. ಆ ಬಂಡೆಯ ಮೇಲೆಯೇ ಕೋಟೆ ನಿಂತಿದೆ. ಮನೆತನಕ್ಕೂ ಕೋಟೆಗೂ ಹೆಸರು ಬಂದದ್ದು ಈ ತೊರೆಯಿಂದಲೇ.

ಊರನ್ನೇ ಒಡಲೊಳಗೆ ಇಟ್ಟುಕೊಂಡ, ಸುತ್ತು ಸುತ್ತು ಗೋಡೆಗಳ ನಮ್ಮ ಕಡೆಯ ಕೋಟೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಎಲ್ಟ್ಸ್ ಕೋಟೆಯೆಂದೇ ಅನ್ನಿಸದು. ಜರ್ಮನ್ನರ 'ಬುರ್ಗ್' ಎಂದರೆ ಕಾವಲಿನ ವ್ಯವಸ್ಥೆಯುಳ್ಳ ವಾಸದ ಮನೆ. ಅಲ್ಲಿ ವಾಸಿಸುತ್ತಿದ್ದವರು ಕುದುರೆ ಸವಾರಿ ಮಾಡುವ ಯೋಧರಾದ ನೈಟ್‌ಗಳು, ಅವರ ಹೆಂಡಿರು ಮಕ್ಕಳು ಮತ್ತು ಆಳುಕಾಳುಗಳು.

ಗುಡ್ಡ ಬಿಟ್ಟು ಕಣಿವೆಯಲ್ಲೇಕೆ?

ಕೋಟೆಯನ್ನು ಎತ್ತರದಲ್ಲಿ ಕಟ್ಟುವುದು ವಾಡಿಕೆ. ದೂರದಿಂದ ಬರುವ ಶತ್ರು ಕಾಣಬೇಕು, ಮೇಲಿನಿಂದ ಕಲ್ಲು-ಬಾಣ ಬೀರಲು ಅನುಕೂಲವಿರಬೇಕು. ಹೀಗಿರುವಾಗ ಎಲ್ಟ್ಸ್ ಒಡೆಯರು ಸುತ್ತಲ ಗುಡ್ಡಗಳಿಗಿಂತ ತಗ್ಗಿನ ಜಾಗವನ್ನು ಆರಿಸಿಕೊಳ್ಳಲು ಕಾರಣವಿತ್ತು.

ಕಣಿವೆಯ ಮೇಲಿನ ಬಯಲನ್ನು ಮೈಫೆಲ್ಡ್ ಎನ್ನುತ್ತಾರೆ. ಅದು ಕಾಳು-ಕಡ್ಡಿ ಚೆನ್ನಾಗಿ ಬೆಳೆಯುವ ಫಲವತ್ತಾದ ನೆಲ. ಕೆಳಗಿನ ಮೊಸೆಲ್ ನದಿಯಾದರೋ ವ್ಯಾಪಾರದ ಹೆದ್ದಾರಿಯಂತಿತ್ತು. ಇವೆರಡನ್ನು ಜೋಡಿಸುವ ದಾರಿ ಎಲ್ಟ್ಸ್ ಕಣಿವೆಯ ಮೂಲಕವೇ ಹಾದುಹೋಗುತ್ತಿತ್ತು. ದಾರಿಯ ಮೇಲೆ ಹಿಡಿತ ಬೇಕಿದ್ದವರಿಗೆ ಗುಡ್ಡದ ತುದಿಗಿಂತ ಕಣಿವೆಯ ಬಂಡೆಯೇ ಹೆಚ್ಚು ಉಪಯುಕ್ತವಾಗಿತ್ತು.

ಮೂರು ಕಡೆ ನೀರು ಮತ್ತು ಕಡಿದಾದ ಬಂಡೆ ಇದ್ದುದರಿಂದ ಕಾವಲು ಕಾಯಬೇಕಾದದ್ದು ನಾಲ್ಕನೆಯ ದಿಕ್ಕನ್ನು ಮಾತ್ರ. ಸುತ್ತಲೂ ಕಾಡು ಇದ್ದುದರಿಂದ ಹತ್ತಿರ ಬರುವ ತನಕ ಕೋಟೆ ಕಾಣುತ್ತಲೂ ಇರಲಿಲ್ಲ. ಬಿಲ್ಲು-ಬಾಣದ ಕಾಲದಲ್ಲಿ ಎದುರಿನ ಗುಡ್ಡದಿಂದ ದೊಡ್ಡ ಅಪಾಯವೇನೂ ಇರಲಿಲ್ಲ. ಆದರೆ ದೊಡ್ಡ ಕಲ್ಲುಗಳನ್ನು ಎಸೆಯುವ ಯಂತ್ರಗಳು ಬಂದಾಗ ಇದೇ ಗುಡ್ಡ ಎಲ್ಟ್ಸ್ ಒಡೆಯರಿಗೆ ಮುಳುವಾಯಿತು.

ದಾನಪತ್ರದಲ್ಲಿ ಮೊದಲ ಹೆಸರು

ಎಲ್ಟ್ಸ್ ಮನೆತನದ ಹೆಸರು ಮೊದಲು ಸಿಗುವುದು 1157ರ ಒಂದು ದಾನಪತ್ರದಲ್ಲಿ. 'ಕೆಂಪುಗಡ್ಡದವ' ಎಂಬ ಅರ್ಥದ ಬಾರ್ಬರೋಸಾ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧನಾದ ಚಕ್ರವರ್ತಿ ಒಂದನೇ ಫ್ರೆಡರಿಕ್ ನೀಡಿದ ದಾನಕ್ಕೆ ರುಡಾಲ್ಫ್ ಫಾನ್ ಎಲ್ಟ್ಸ್ ಎಂಬಾತ ಸಾಕ್ಷಿಯಾಗಿ ನಿಂತಿದ್ದ. ಆ ಕಾಲಕ್ಕೆ ಕಣಿವೆಯ ಬಂಡೆಯ ಮೇಲೆ ಸಣ್ಣದೊಂದು ಕೋಟೆ ಇತ್ತು.

ಆ ಮೊದಲ ಕೋಟೆಯ ಪೂರ್ಣರೂಪ ಈಗ ಉಳಿದಿಲ್ಲ. ಆದರೆ 'ಪ್ಲಾಟ್ ಎಲ್ಟ್ಸ್' ಎಂದು ಕರೆಯುವ ಚೌಕಾಕಾರದ ಕಾವಲು ಗೋಪುರ ಇಂದಿಗೂ ನಿಂತಿದೆ. ದಪ್ಪ ಗೋಡೆ, ಚಿಕ್ಕ ಕಿಟಕಿ, ಅರೆವೃತ್ತದ ಕಮಾನುಗಳುಳ್ಳ ರೋಮನೆಸ್ಕ್ ಶೈಲಿಯ ಈ ಗೋಪುರವೇ ಕೋಟೆಯ ಅತ್ಯಂತ ಹಳೆಯ ಭಾಗ. ಹಳೆಯ ಸಭಾಗೃಹದ ಗೋಡೆಗಳ ಕೆಲವು ಭಾಗಗಳೂ ಮುಂದೆ ಕಟ್ಟಿದ ಮನೆಗಳೊಳಗೆ ಸೇರಿಹೋಗಿವೆ.

ಮೂವರು ಸೋದರರು, ಮೂರು ಪಾಲು

ಎಲ್ಟ್ಸ್ ಇತಿಹಾಸದ ದೊಡ್ಡ ತಿರುವು ಬಂದದ್ದು 1268ಕ್ಕೂ ಸ್ವಲ್ಪ ಮುಂಚೆ. ಇಲಿಯಾಸ್, ವಿಲ್ಹೆಲ್ಮ್ ಮತ್ತು ಥಿಯೊಡೆರಿಕ್ ಎಂಬ ಮೂವರು ಸೋದರರು ಕೋಟೆಯನ್ನೂ ಅದಕ್ಕೆ ಸೇರಿದ ಜಮೀನುಗಳನ್ನೂ ಪಾಲು ಮಾಡಿಕೊಂಡರು. ಅಲ್ಲಿಂದ ಮನೆತನ ಮೂರು ಕವಲಾಯಿತು. ಒಂದು ಕವಲಿನ ಲಾಂಛನ ಚಿನ್ನದ ಸಿಂಹ, ಇನ್ನೊಂದರದು ಬೆಳ್ಳಿಯ ಸಿಂಹ, ಮತ್ತೊಂದರದು ಕಾಡೆಮ್ಮೆಯ ಕೊಂಬು. ಕಾಲಾನಂತರ ಈ ಕವಲುಗಳಿಗೆ ಕ್ರಮವಾಗಿ ಕೆಂಪೆನಿಖ್, ರ್ಯೂಬೆನಾಖ್ ಮತ್ತು ರೋಡೆನ್‌ಡಾರ್ಫ್ ಎಂಬ ಹೆಸರುಗಳು ಬಂದವು.

ಪಾಲಾದ ಆಸ್ತಿ ಒಡೆದುಹೋಗುವುದು ಎಲ್ಲ ಕಡೆಯ ಕತೆ. ಆದರೆ ಜರ್ಮನ್ ಪ್ರದೇಶದಲ್ಲಿ ಇದಕ್ಕೊಂದು ಪರಿಹಾರವಿತ್ತು. ಹಲವು ವಾರಸುದಾರರು ಒಟ್ಟಾಗಿ ಒಡೆತನ ಹೊಂದಿರುವ ಕೋಟೆಯನ್ನು ಅಲ್ಲಿ 'ಗಾನೆರ್ಬೆನ್‌ಬುರ್ಗ್' ಎಂದು ಕರೆಯುತ್ತಿದ್ದರು. ಇಂಥ ಕೋಟೆಯಲ್ಲಿ ಪ್ರತಿ ಕವಲಿಗೂ ಅದರದೇ ಮನೆ, ಅದರದೇ ಒಲೆ. ಹೆಬ್ಬಾಗಿಲು, ಅಂಗಳ, ಬಾವಿ, ಗೋಡೆಗಳು ಮಾತ್ರ ಎಲ್ಲರಿಗೂ ಸೇರಿದವು. ಹಂಚಿಕೊಳ್ಳಬಹುದಾದದ್ದನ್ನು ಹಂಚಿಕೊಂಡು, ಹಂಚಿದರೆ ಕೆಡುವುದನ್ನು ಒಟ್ಟಿಗೆ ಇಟ್ಟುಕೊಳ್ಳುವ ಏರ್ಪಾಡಿದು.

ಈ ಏರ್ಪಾಡು ನಡೆಯಲು ಬರಹದ ಕರಾರು ಬೇಕಿತ್ತು. ಅದಕ್ಕೆ 'ಬುರ್ಗ್‌ಫ್ರೀಡೆ', ಅಂದರೆ ಕೋಟೆಯೊಳಗಿನ ಶಾಂತಿ ಎಂದು ಹೆಸರು. ಕೋಟೆಯ ಎಲ್ಲೆಯೊಳಗೆ ಒಬ್ಬರ ಮೇಲೊಬ್ಬರು ಕೈ ಎತ್ತಬಾರದು, ದುರಸ್ತಿಯ ಖರ್ಚನ್ನು ಯಾರು ಎಷ್ಟು ಕೊಡಬೇಕು, ಶತ್ರು ಬಂದಾಗ ಹೇಗೆ ಒಟ್ಟಾಗಬೇಕು, ಜಗಳ ಬಂದರೆ ಹೇಗೆ ತೀರಿಸಿಕೊಳ್ಳಬೇಕು ಎಂಬ ವಿಷಯಗಳು ಇಂಥ ಕರಾರುಗಳಲ್ಲಿ ಇರುತ್ತಿದ್ದವು. ಈ ಪದ ಎಷ್ಟು ಗಟ್ಟಿಯಾಗಿ ಉಳಿಯಿತೆಂದರೆ, 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನಿಯ ರಾಜಕೀಯ ಪಕ್ಷಗಳು ಒಳಜಗಳ ಬದಿಗಿಡಲು ಮಾಡಿಕೊಂಡ ಹೊಂದಾಣಿಕೆಯನ್ನೂ ಇದೇ ಹೆಸರಿನಿಂದ ಕರೆಯಲಾಯಿತು.

ಎದುರಿನ ಗುಡ್ಡದ ಮೇಲೊಂದು ಶತ್ರುಕೋಟೆ

ಕೋಟೆ ಎದುರಿಸಿದ ಅತಿ ದೊಡ್ಡ ಸೈನಿಕ ಸಂಕಷ್ಟ 1331ರಿಂದ 1336ರ ನಡುವಿನದು. ಚರಿತ್ರೆಯಲ್ಲಿ ಇದನ್ನು 'ಎಲ್ಟ್ಸ್ ಕಲಹ' ಎಂದು ಕರೆಯುತ್ತಾರೆ. ಆಗ ಟ್ರಿಯರ್‌ನ ಆರ್ಚ್‌ಬಿಷಪ್ ಆಗಿದ್ದವನು ಲಕ್ಸೆಂಬರ್ಗ್ ಮನೆತನದ ಬಾಲ್ಡುಯಿನ್. ಚಕ್ರವರ್ತಿ ಏಳನೇ ಹೆನ್ರಿಯ ತಮ್ಮನಾದ ಈತ ಧರ್ಮಗುರು ಮಾತ್ರವಲ್ಲ, ದೊಡ್ಡ ಪ್ರದೇಶವೊಂದರ ಆಡಳಿತಗಾರನೂ ಹೌದು. ಮೊಸೆಲ್ ಸುತ್ತಲಿನ ಸ್ವತಂತ್ರ ನೈಟ್‌ಗಳನ್ನೆಲ್ಲ ತನ್ನ ಅಧೀನಕ್ಕೆ ತರಬೇಕೆಂಬುದು ಅವನ ಹಟವಾಗಿತ್ತು.

ಎಲ್ಟ್ಸ್ ಒಡೆಯರು ನೇರವಾಗಿ ಚಕ್ರವರ್ತಿಗೆ ಮಾತ್ರ ತಲೆಬಾಗುವ ಸ್ವತಂತ್ರ ನೈಟ್‌ಗಳು. ಅವರು ವಾಲ್ಡೆಕ್, ಶೋನೆಕ್ ಮತ್ತು ಎಹ್ರೆನ್‌ಬುರ್ಗ್ ಕೋಟೆಗಳ ಒಡೆಯರೊಂದಿಗೆ ಕೂಟ ಕಟ್ಟಿಕೊಂಡು ಬಾಲ್ಡುಯಿನ್‌ಗೆ ಎದುರುನಿಂತರು.

ನೇರವಾಗಿ ಗೋಡೆ ಹತ್ತುವ ಸಾಹಸಕ್ಕೆ ಬಾಲ್ಡುಯಿನ್ ಕೈಹಾಕಲಿಲ್ಲ. ಕೋಟೆಗಿಂತ ಎತ್ತರದ ಎದುರಿನ ಗುಡ್ಡದಲ್ಲಿ ತನ್ನದೇ ಆದ ಪುಟ್ಟ ಕೋಟೆಯೊಂದನ್ನು ಕಟ್ಟಿಸಿದ. ಅದಕ್ಕೆ 'ಟ್ರುಟ್ಸ್ ಎಲ್ಟ್ಸ್' ಎಂದು ಹೆಸರು. 'ಟ್ರುಟ್ಸ್' ಎಂದರೆ ಸಡ್ಡು ಹೊಡೆಯುವುದು ಎಂಬ ಅರ್ಥ ಬರುತ್ತದೆ. ಅಲ್ಲಿಂದ ಕವಣೆಯಂತ್ರಗಳ ಮೂಲಕ ಕೆಳಗಿನ ಎಲ್ಟ್ಸ್ ಮೇಲೆ ಕಲ್ಲಿನ ಗುಂಡುಗಳು ಬೀಳತೊಡಗಿದವು. ಆ ಕಾಲದ ಕಲ್ಲುಗುಂಡುಗಳನ್ನು ಕೋಟೆಯ ಅಂಗಳದಲ್ಲಿ ಇಂದಿಗೂ ನೋಡಬಹುದು. ಮದ್ದಿನ ಪುಡಿಯಿಂದ ಸಿಡಿಯುವ ಆರಂಭಕಾಲದ ಫಿರಂಗಿಗಳ ಬಾಣಗಳೂ ಕೋಟೆಯಲ್ಲಿ ಸಿಕ್ಕಿವೆ. ಆಲ್ಪ್ಸ್ ಪರ್ವತಗಳ ಉತ್ತರಕ್ಕೆ ಇಂಥ ಆಯುಧ ಬಳಕೆಯಾದದ್ದಕ್ಕೆ ಸಿಗುವ ಹಳೆಯ ಕುರುಹುಗಳಲ್ಲಿ ಇವನ್ನೂ ಎಣಿಸಲಾಗುತ್ತದೆ.

ಹೊರಗಿನಿಂದ ಬರುವ ದಾರಿ ಬಂದ್ ಆಗಿ, ಮೇಲಿನಿಂದ ಕಲ್ಲು ಬೀಳುತ್ತಿದ್ದರೆ ಕೋಟೆಯೊಳಗಿದ್ದವರು ಎಷ್ಟು ದಿನ ತಡೆದಾರು? 1333ರಲ್ಲಿ ಎಲ್ಟ್ಸ್ ಒಡೆಯರು ಮಣಿದರು. 1336ರಲ್ಲಿ ಶಾಂತಿ ಒಪ್ಪಂದವಾಯಿತು. ಕೋಟೆ ಅವರ ಕೈಯಲ್ಲೇ ಉಳಿಯಿತು. ಆದರೆ ಚಕ್ರವರ್ತಿಗೆ ಮಾತ್ರ ಬದ್ಧರೆಂಬ ಹಳೆಯ ಸ್ವಾತಂತ್ರ್ಯ ಹೋಯಿತು. ಅಲ್ಲಿಂದ ಮುಂದೆ ಅವರು ಆರ್ಚ್‌ಬಿಷಪ್‌ನ ಅಧೀನದ ಕೋಟೆಪಾಲಕರು.

ಸೋಲಿನಂತೆ ಕಂಡ ಈ ಒಪ್ಪಂದವೇ ಕೋಟೆಯನ್ನು ಉಳಿಸಿತು. ಗೆಲ್ಲುವ ತನಕ ಹೋರಾಡುತ್ತೇವೆ ಎಂದಿದ್ದರೆ ಬಹುಶಃ ಇಂದು ಎಲ್ಟ್ಸ್ ಜಾಗದಲ್ಲಿ ಮುರುಕು ಗೋಡೆಗಳು ಇರುತ್ತಿದ್ದವು. ಗೆದ್ದವನು ಕಟ್ಟಿಸಿದ ಟ್ರುಟ್ಸ್ ಎಲ್ಟ್ಸ್ ಇಂದು ಕಾಡಿನ ನಡುವೆ ಪಾಳುಬಿದ್ದಿದೆ. ಸೋತವರ ಕೋಟೆ ಇಡಿಯಾಗಿ ನಿಂತಿದೆ. ಇನ್ನೂ ಒಂದು ವಿಶೇಷವೆಂದರೆ, ಟ್ರಿಯರ್ ಆರ್ಚ್‌ಬಿಷಪ್‌ನ ವಿರುದ್ಧ ಕಾದಾಡಿದ ಇದೇ ಮನೆತನದ ಮೂರನೇ ಯಾಕೋಬ್ 1567ರಲ್ಲಿ ಸ್ವತಃ ಟ್ರಿಯರ್‌ನ ಆರ್ಚ್‌ಬಿಷಪ್ ಆದ. 1581ರವರೆಗೂ ಆ ಪೀಠದಲ್ಲಿದ್ದ.

ಒಂದೇ ಅಂಗಳ, ಸುತ್ತ ಹಲವು ಮನೆ

ಮುತ್ತಿಗೆಯ ನೆನಪು ಮಾಸಿದ ಮೇಲೆ, 15ನೇ ಶತಮಾನದಿಂದ 17ನೇ ಶತಮಾನದ ನಡುವೆ ಇಂದಿನ ಎಲ್ಟ್ಸ್ ರೂಪುಗೊಂಡಿತು. ಬಂಡೆಯ ಮೇಲೆ ಇರುವ ಜಾಗವೇ ಅಷ್ಟು. ಮೊಟ್ಟೆಯಾಕಾರದ ಆ ಸಣ್ಣ ಜಾಗದಲ್ಲಿ ಮೂರು ಕುಟುಂಬಗಳು ಬದುಕಬೇಕು. ಅಡ್ಡಡ್ಡ ಬೆಳೆಯಲು ಅವಕಾಶವಿಲ್ಲದ ಕಾರಣ ಮನೆಗಳು ಮೇಲಕ್ಕೆ ಬೆಳೆದವು. ಕಿಷ್ಕಿಂಧೆಯಂಥ ಪುಟ್ಟ ಅಂಗಳದ ಸುತ್ತ ಎಂಟು ವಾಸದ ಗೋಪುರಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕೆಲವು 35 ಮೀಟರ್‌ವರೆಗೂ ಎತ್ತರವಿವೆ. ಮುಂಬಯಿಯಂಥ ನಗರದಲ್ಲಿ ಜಾಗ ಸಾಲದೆ ಕಟ್ಟಡಗಳು ಮೇಲೇರುವುದನ್ನು ಕಂಡವರಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾದೀತು.

ಕಟ್ಟಡಗಳ ತಳವಿನ್ಯಾಸ ಬಂಡೆಯ ಆಕಾರವನ್ನೇ ಅನುಸರಿಸಿದೆ. ಹಾಗಾಗಿ ಒಳಗಿನ ಅನೇಕ ಕೋಣೆಗಳು ಚೌಕವಾಗಿಲ್ಲ, ಗೋಡೆಗಳು ನೇರವಾಗಿಲ್ಲ. ಬುಡದಲ್ಲಿ ದಪ್ಪ ಕಲ್ಲಿನ ಗೋಡೆ ಇದ್ದರೆ, ಮೇಲಿನ ಅಂತಸ್ತುಗಳಲ್ಲಿ ಮರದ ಚೌಕಟ್ಟು ಕಟ್ಟಿ ಅದರ ನಡುವಿನ ಜಾಗ ತುಂಬಿದ ಹಗುರ ಗೋಡೆಗಳಿವೆ. ಇದರಿಂದ ಭಾರವೂ ಕಡಿಮೆ, ಕೋಣೆಗಳನ್ನು ಗೋಡೆಯಿಂದಾಚೆಗೆ ಸ್ವಲ್ಪ ಚಾಚಿ ಜಾಗ ಪಡೆಯಲೂ ಸಾಧ್ಯ. ಛಾವಣಿಗಳೆಲ್ಲ ಕಡಿದಾದ ಇಳಿಜಾರು. ಅವುಗಳಿಗೆ ಹೊದೆಸಿರುವುದು ಕಪ್ಪು ಸ್ಲೇಟ್ ಕಲ್ಲಿನ ಹಲ್ಲೆಗಳನ್ನು.

ರ್ಯೂಬೆನಾಖ್ ಮನೆ: 1472ರಲ್ಲಿ ಪೂರ್ಣಗೊಂಡ ಈ ಮನೆ ಗೋಥಿಕ್ ಶೈಲಿಯ ಕೊನೆಯ ಘಟ್ಟಕ್ಕೆ ಸೇರಿದ್ದು. ತುದಿಯಲ್ಲಿ ಮೂಲೆಗೋಪುರಗಳು, ಅಂಗಳದ ಕಡೆಗೆ ಚಾಚಿದ ಮುಖಮಂಟಪ ಮತ್ತು ಹೊರಚಾಚಿದ ಕಿಟಕಿಗಳು ಇದರ ಗುರುತು.

ರೋಡೆನ್‌ಡಾರ್ಫ್ ಮನೆಗಳು: 1470ರ ಸುಮಾರಿಗೆ ಆರಂಭವಾದ ಈ ಕಟ್ಟಡಗಳ ಕೆಲಸ 1540ರವರೆಗೂ ನಡೆಯಿತು. ನಕ್ಷತ್ರದಾಕಾರದಲ್ಲಿ ಹೆಣೆದಂತೆ ಕಾಣುವ ಕಲ್ಲಿನ ಕಮಾನು ಛಾವಣಿಯ 'ಧ್ವಜದ ಕೋಣೆ' ಇಲ್ಲಿದೆ.

ಕೆಂಪೆನಿಖ್ ಮನೆಗಳು: ಹಳೆಯ ಸಭಾಗೃಹದ ಜಾಗದಲ್ಲಿ 17ನೇ ಶತಮಾನದಲ್ಲಿ ಎದ್ದು ನಿಂತವು. ಮರದ ಚೌಕಟ್ಟಿನ ಗೋಡೆಗಳು ಇಲ್ಲಿ ಎದ್ದು ಕಾಣುತ್ತವೆ. ಇದರ ಮೆಟ್ಟಿಲುಗೋಪುರದ ಕೆಳಗೆ ಕೋಟೆಗೆ ನೀರೊದಗಿಸುತ್ತಿದ್ದ ಬಾವಿಯಿದೆ.

ಹೀಗೆ ರೋಮನೆಸ್ಕ್ ಗೋಪುರದಿಂದ ಹಿಡಿದು ಗೋಥಿಕ್, ರಿನೈಸಾನ್ಸ್, ಬರೋಕ್ ಕಾಲದವರೆಗಿನ ಸುಮಾರು 500 ವರ್ಷಗಳ ಕಟ್ಟಡ ಕಲೆ ಒಂದೇ ಅಂಗಳದ ಸುತ್ತ ಕಾಣಸಿಗುತ್ತದೆ. ಒಬ್ಬನೇ ರಾಜ ಒಂದೇ ಸಲಕ್ಕೆ ಕಟ್ಟಿಸಿದ್ದರೆ ಈ ವೈವಿಧ್ಯ ಇರುತ್ತಿರಲಿಲ್ಲ. ಒಂದೊಂದು ಕವಲು ತನಗೆ ಹಣ ಕೂಡಿಬಂದಾಗ, ತನ್ನ ಅಗತ್ಯಕ್ಕೆ ತಕ್ಕಂತೆ ಕಟ್ಟಿಕೊಂಡದ್ದರ ಫಲವಿದು.

ಒಳಗಿನ ಬದುಕು ಹೇಗಿತ್ತು?

ಹೆಚ್ಚು ಜನ ತುಂಬಿದ್ದ ಕಾಲದಲ್ಲಿ ಮೂರೂ ಕವಲುಗಳ ಸುಮಾರು 100 ಮಂದಿ ಇಲ್ಲಿ ವಾಸಿಸುತ್ತಿದ್ದರು. ಆಳುಗಳ ಲೆಕ್ಕ ಬೇರೆ. ಕೋಟೆಯಲ್ಲಿ 40ರಷ್ಟು ಬೆಂಕಿಗೂಡುಗಳಿದ್ದವು. ಚಳಿಗಾಲದ ಚಳಿ ಮೂಳೆ ಕೊರೆಯುವ ಆ ಪ್ರದೇಶದಲ್ಲಿ ಬಹುತೇಕ ಕೋಟೆಗಳಲ್ಲಿ ಬೆಚ್ಚಗಿರುತ್ತಿದ್ದುದು ಒಂದೆರಡು ಕೋಣೆಗಳು ಮಾತ್ರ. ಎಲ್ಟ್ಸ್‌ನಲ್ಲಿ ಕೆಂಪೆನಿಖ್ ಮನೆಗಳ ಪ್ರತಿಯೊಂದು ಕೋಣೆಯನ್ನೂ ಬಿಸಿ ಮಾಡಬಹುದಿತ್ತು. ಗೋಡೆಯೊಳಗೇ ಅಡಗಿಸಿದ 20 ಶೌಚಾಲಯಗಳಿದ್ದವು. ಅವನ್ನು ತೊಳೆಯಲು ಮಳೆನೀರನ್ನು ಬಳಸುತ್ತಿದ್ದರು.

ರ್ಯೂಬೆನಾಖ್ ಮನೆಯ ಕೆಳಗಿನ ಹಜಾರ ಬೈಠಕ್ಕಿನ ಕೋಣೆ. ದಪ್ಪ ಮರದ ತೊಲೆಗಳ ಕೆಳಗೆ ಹಳೆಯ ವರ್ಣಚಿತ್ರಗಳನ್ನು ತೂಗುಹಾಕಿದ್ದಾರೆ. ಜರ್ಮನಿಯ ಹೆಸರಾಂತ ಚಿತ್ರಕಾರ ಲೂಕಾಸ್ ಕ್ರಾನಾಖ್ ಬಿಡಿಸಿದ, ದ್ರಾಕ್ಷಿಗೊಂಚಲಿನೊಂದಿಗೆ ಇರುವ ಮೇರಿ ಮತ್ತು ಮಗುವಿನ ಚಿತ್ರ ಅವುಗಳಲ್ಲಿ ಮುಖ್ಯವಾದದ್ದು.

ಅದರ ಮೇಲಿನ ಅಂತಸ್ತಿನಲ್ಲಿರುವುದು ಮಲಗುವ ಕೋಣೆ. ಗೋಡೆಯ ತುಂಬ ಬಳ್ಳಿ, ಎಲೆ, ಹೂಗಳ ಚಿತ್ತಾರ. ಪರದೆ ಕಟ್ಟಿದ, ನೆಲದಿಂದ ಎತ್ತರಿಸಿದ ಮಂಚ. ಪಕ್ಕದಲ್ಲೇ ಗೋಡೆಯಿಂದ ಹೊರಕ್ಕೆ ಚಾಚಿದ ಪುಟ್ಟ ಪ್ರಾರ್ಥನಾ ಕೋಣೆಯಿದೆ. ಹಾಗೇಕೆ ಹೊರಚಾಚಿದ್ದಾರೆ ಎಂಬುದಕ್ಕೂ ಕಾರಣವಿದೆ. ದೇವರ ಪೀಠದ ಮೇಲ್ಭಾಗದಲ್ಲಿ ಮನುಷ್ಯರು ಓಡಾಡುವ, ವಾಸಿಸುವ ಕೋಣೆ ಇರಬಾರದು ಎಂಬ ನಂಬಿಕೆ ಆಗ ಇತ್ತು. ಅಂತಸ್ತಿನ ಮೇಲೆ ಅಂತಸ್ತು ಇರುವ ಮನೆಯಲ್ಲಿ ಆ ನಿಯಮ ಪಾಲಿಸಲು ಉಳಿದ ದಾರಿಯೆಂದರೆ ಪೀಠವನ್ನು ಗೋಡೆಯಿಂದಾಚೆಗೆ ಒಯ್ಯುವುದು.

ರೋಡೆನ್‌ಡಾರ್ಫ್ ಮನೆಯ ಅಡುಗೆಮನೆ ಪ್ರವಾಸಿಗರಿಗೆ ತುಂಬ ಹಿಡಿಸುವ ಜಾಗ. ದೊಡ್ಡ ಒಲೆ, ರೊಟ್ಟಿ ಸುಡುವ ಗೂಡು, ಹಿಟ್ಟು ತುಂಬಿಡುವ ಮರದ ಪೆಟ್ಟಿಗೆ, ಮಾಂಸ ಕತ್ತರಿಸುವ ದಿಮ್ಮಿ ಎಲ್ಲವೂ ಹಾಗೆಯೇ ಇವೆ. ತಣ್ಣನೆಯ ಕಲ್ಲಿನ ಗೋಡೆಯಲ್ಲಿ ಕೊರೆದ ಗೂಡುಗಳು ಆ ಕಾಲದ ಫ್ರಿಜ್‌ಗಳು.

ಗುಲಾಬಿ ಮತ್ತು ವಿದೂಷಕನ ಮುಖ

ಮೂರೂ ಕವಲುಗಳಿಗೆ ಸೇರಿದ ಅತಿ ದೊಡ್ಡ ಕೋಣೆಯೆಂದರೆ 'ನೈಟ್‌ಗಳ ಸಭಾಂಗಣ'. ಹಬ್ಬ-ಹರಿದಿನಗಳಲ್ಲಿ ಎಲ್ಲರೂ ಸೇರುತ್ತಿದ್ದುದು, ಕೋಟೆಯ ವಿಚಾರದಲ್ಲಿ ತೀರ್ಮಾನ ಕೈಗೊಳ್ಳುತ್ತಿದ್ದುದು ಇಲ್ಲೇ. ಕಬ್ಬಿಣದ ಕವಚಗಳು, ಹಳೆಯ ಆಯುಧಗಳು ಈಗ ಇಲ್ಲಿ ಪ್ರದರ್ಶನಕ್ಕಿವೆ.

ಆದರೆ ಗಮನಿಸಬೇಕಾದದ್ದು ಎರಡು ಸಣ್ಣ ಕೆತ್ತನೆಗಳನ್ನು. ಒಂದು, ಗೋಡೆಯಂಚಿನಲ್ಲಿರುವ ವಿದೂಷಕರ ಮುಖಗಳು. ಅರಮನೆಯಲ್ಲಿ ರಾಜನ ಮುಖಕ್ಕೇ ಹೊಡೆದಂತೆ ಮಾತಾಡುವ ಸ್ವಾತಂತ್ರ್ಯ ವಿದೂಷಕನಿಗಿತ್ತು. ಹಾಗಾಗಿ ಈ ಕೋಣೆಯಲ್ಲಿ ಯಾರು ಬೇಕಾದರೂ ಮನಸ್ಸು ಬಿಚ್ಚಿ ಮಾತಾಡಬಹುದು ಎಂಬುದರ ಸಂಕೇತ ಅದು. ಇನ್ನೊಂದು, ಬಾಗಿಲ ಮೇಲಿರುವ ಗುಲಾಬಿ. ಅದು ಮೌನದ ಗುರುತು. ಒಳಗೆ ಆಡಿದ ಮಾತು ಹೊಸ್ತಿಲು ದಾಟಬಾರದು ಎಂಬುದು ಅದರ ಅರ್ಥ.

ಒಳಗೆ ಮುಕ್ತ ಮಾತು, ಹೊರಗೆ ಮೌನ. ಮೂರು ಪಾಲುದಾರ ಕುಟುಂಬಗಳು ತಲೆಮಾರುಗಳ ಕಾಲ ಒಂದೇ ಬಂಡೆಯ ಮೇಲೆ ಬದುಕಿದ್ದು ಹೇಗೆ ಎಂಬ ಪ್ರಶ್ನೆಗೆ ಈ ಎರಡು ಕೆತ್ತನೆಗಳಲ್ಲಿ ಅರ್ಧ ಉತ್ತರವಿದೆ.

ಪಟ್ಟಿಯಿಂದ ತಪ್ಪಿದ ಹೆಸರು

1688ರಲ್ಲಿ ಫ್ರಾನ್ಸ್‌ನ ದೊರೆ ಹದಿನಾಲ್ಕನೇ ಲೂಯಿಯ ಸೇನೆ ರೈನ್ ಪ್ರದೇಶಕ್ಕೆ ನುಗ್ಗಿತು. ಮುಂದಿನ ವರ್ಷ ಊರುಗಳು, ಕೋಟೆಗಳು ಒಂದಾದ ಮೇಲೊಂದರಂತೆ ಸುಟ್ಟುಹೋದವು. ಎಲ್ಟ್ಸ್‌ಗೆ ಹತ್ತಿರದ ಕೊಖೆಮ್ ಕೋಟೆಯನ್ನು 1689ರಲ್ಲಿ ನಾಶ ಮಾಡಲಾಯಿತು. ಹೈಡೆಲ್‌ಬರ್ಗ್‌ನ ಪ್ರಸಿದ್ಧ ಅರಮನೆಯೂ ಇದೇ ಯುದ್ಧದಲ್ಲಿ ಪಾಳಾಯಿತು.

ಎಲ್ಟ್ಸ್ ಬಚಾವಾದದ್ದು ಮನೆತನದ ಒಬ್ಬ ಸದಸ್ಯನಿಂದ. ಹಾನ್ಸ್ ಆಂಟೊನ್ ತ್ಸು ಎಲ್ಟ್ಸ್-ಯೂಟಿಂಗನ್ ಎಂಬಾತ ಆಗ ಫ್ರೆಂಚ್ ಸೇನೆಯಲ್ಲಿಯೇ ಹಿರಿಯ ಅಧಿಕಾರಿಯಾಗಿದ್ದ. ನೆಲಸಮ ಮಾಡಬೇಕಾದ ಕಟ್ಟಡಗಳ ಪಟ್ಟಿಯಿಂದ ತನ್ನ ಮನೆತನದ ಕೋಟೆಯ ಹೆಸರನ್ನು ತೆಗೆಸುವಷ್ಟು ಪ್ರಭಾವ ಅವನಿಗಿತ್ತು. ಆ ಯುದ್ಧಗಳ ಕಾಲವನ್ನು ದಾಟಿ ಇಡಿಯಾಗಿ ಉಳಿದ ಈ ಸೀಮೆಯ ಕೋಟೆಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಐಫೆಲ್‌ನ ಬ್ಯೂರೆಸ್‌ಹೈಮ್, ರೈನ್ ದಂಡೆಯ ಮಾರ್ಕ್ಸ್‌ಬುರ್ಗ್ ಅಂಥವು.

ಮತ್ತೆ ಒಬ್ಬನೇ ಒಡೆಯ

18ನೇ ಶತಮಾನ ಕೆಂಪೆನಿಖ್ ಕವಲಿಗೆ ಏಳಿಗೆಯ ಕಾಲ. ಈ ಕವಲಿನ ಫಿಲಿಪ್ ಕಾರ್ಲ್ 1732ರಲ್ಲಿ ಮೈಂಟ್ಸ್‌ನ ಆರ್ಚ್‌ಬಿಷಪ್ ಆದ. ಚಕ್ರವರ್ತಿಯನ್ನು ಆರಿಸುವ ಅಧಿಕಾರವಿದ್ದ ಕೆಲವೇ ಮಂದಿಯಲ್ಲಿ ಮೊದಲ ಸ್ಥಾನ ಈ ಪೀಠದ್ದು. 1733ರಲ್ಲಿ ಮನೆತನಕ್ಕೆ ಕೌಂಟ್ ಪದವಿ ಸಿಕ್ಕಿತು. 1736ರಲ್ಲಿ ಡ್ಯಾನ್ಯೂಬ್ ನದಿ ದಂಡೆಯ ವುಕೊವಾರ್‌ನಲ್ಲಿ, ಅಂದರೆ ಇಂದಿನ ಕ್ರೊಯೇಷಿಯಾದಲ್ಲಿ, ದೊಡ್ಡ ಜಮೀನನ್ನು ಕೊಂಡರು. ಕಾಲಕ್ರಮೇಣ ಅಲ್ಲಿನ ಅರಮನೆಯೇ ಅವರ ಮುಖ್ಯ ನೆಲೆಯಾಯಿತು.

1786ರಲ್ಲಿ ರೋಡೆನ್‌ಡಾರ್ಫ್ ಕವಲು ವಾರಸುದಾರರಿಲ್ಲದೆ ಕೊನೆಗೊಂಡಿತು. 1794ರಲ್ಲಿ ಕ್ರಾಂತಿಯ ಫ್ರಾನ್ಸ್ ಈ ಪ್ರದೇಶವನ್ನು ವಶಪಡಿಸಿಕೊಂಡಾಗ, ಕೌಂಟ್ ಹ್ಯೂಗೊ ಫಿಲಿಪ್ ದೇಶಬಿಟ್ಟು ಓಡಿದ್ದಾನೆಂದು ಭಾವಿಸಿ ಅವನ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಆತ ಮೈಂಟ್ಸ್‌ನಲ್ಲಿಯೇ ಇದ್ದನೆಂಬುದು ಗೊತ್ತಾದ ಮೇಲೆ 1797ರಲ್ಲಿ ಆಸ್ತಿ ಹಿಂತಿರುಗಿತು. 1815ರಲ್ಲಿ ಅದೇ ಹ್ಯೂಗೊ ಫಿಲಿಪ್ ರ್ಯೂಬೆನಾಖ್ ಕವಲಿನ ಪಾಲನ್ನು ಖರೀದಿಸಿದ. ಮೂವರು ಸೋದರರು ಹಂಚಿಕೊಂಡ ಸುಮಾರು ಐದೂವರೆ ಶತಮಾನಗಳ ನಂತರ ಕೋಟೆ ಮತ್ತೆ ಒಬ್ಬನೇ ಒಡೆಯನ ಕೈಸೇರಿತು.

ವುಕೊವಾರ್‌ನ ಅರಮನೆಯ ಭಾಗ್ಯ ಬೇರೆಯೇ ಆಯಿತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅದು ಮನೆತನದ ಕೈತಪ್ಪಿತು. 1991ರ ಯುದ್ಧದಲ್ಲಿ ಗುಂಡಿನ ದಾಳಿಗೆ ಸಿಕ್ಕಿ ತೀವ್ರ ಹಾನಿಗೊಳಗಾಯಿತು. ನಂತರ ದುರಸ್ತಿಯಾಗಿ ಈಗ ನಗರದ ವಸ್ತುಸಂಗ್ರಹಾಲಯವಾಗಿದೆ.

ಕೆಡದಂತೆ ದುರಸ್ತಿ

19ನೇ ಶತಮಾನದಲ್ಲಿ ಜರ್ಮನಿಯಲ್ಲಿ ಹಳೆಯ ಕೋಟೆಗಳ ಮೇಲೆ ಇದ್ದಕ್ಕಿದ್ದಂತೆ ಮೋಹ ಹುಟ್ಟಿತು. ಪಾಳುಬಿದ್ದ ಕೋಟೆಗಳನ್ನು ಶ್ರೀಮಂತರು ಕೊಂಡು, ಮಧ್ಯಯುಗ ಹೀಗಿದ್ದಿರಬೇಕು ಎಂದು ತಮಗೆ ತೋಚಿದಂತೆ ಕಟ್ಟಿಸಿದರು. ಇಂದಿನ ಕೊಖೆಮ್ ಕೋಟೆ ಹಾಗೆ ಬರ್ಲಿನ್ನಿನ ಉದ್ಯಮಿಯೊಬ್ಬರು ಕಟ್ಟಿಸಿದ್ದು.

ಎಲ್ಟ್ಸ್ ಒಡೆಯ ಕೌಂಟ್ ಕಾರ್ಲ್ ಬೇರೆ ದಾರಿ ಹಿಡಿದ. 1845ರಿಂದ 1888ರವರೆಗೆ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕೋಟೆಯ ದುರಸ್ತಿ ನಡೆಯಿತು. ಇದಕ್ಕೆ ತಗಲಿದ ಖರ್ಚು 1,84,000 ಮಾರ್ಕ್. ಇದ್ದದ್ದನ್ನು ಇದ್ದಂತೆ ಉಳಿಸಿ, ಕೆಟ್ಟದ್ದನ್ನು ಮಾತ್ರ ಸರಿಪಡಿಸಬೇಕು ಎಂಬುದು ಅವನ ಧೋರಣೆಯಾಗಿತ್ತು. ಇಂದು ಎಲ್ಟ್ಸ್‌ನಲ್ಲಿ ಕಾಣುವುದು ಮಧ್ಯಯುಗದ ಅನುಕರಣೆಯಾಗದೆ, ಬಹುಮಟ್ಟಿಗೆ ಆ ಕಾಲದ್ದೇ ಆಗಿರಲು ಇದು ಮುಖ್ಯ ಕಾರಣ.

ಶತ್ರುಗಳಿಂದ ತಪ್ಪಿಸಿಕೊಂಡ ಕೋಟೆಗೆ ಬೆಂಕಿ ಮಾತ್ರ ತಪ್ಪಲಿಲ್ಲ. 1920ರಲ್ಲಿ ಕೆಂಪೆನಿಖ್ ಮನೆಗಳಿಗೆ ಬೆಂಕಿ ಬಿದ್ದು ಭಾರಿ ನಷ್ಟವಾಯಿತು. ಅವುಗಳ ಮರುನಿರ್ಮಾಣಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. 2009ರಿಂದ 2012ರ ನಡುವೆ ಮತ್ತೊಂದು ದೊಡ್ಡ ದುರಸ್ತಿ ನಡೆದು, ಗೋಡೆ ಮತ್ತು ಛಾವಣಿಗಳನ್ನು ಭದ್ರಪಡಿಸಲಾಯಿತು.

ನೋಟಿನ ಮೇಲಿನ ಕೋಟೆ

ಇಂಗ್ಲೆಂಡಿನ ಚಿತ್ರಕಾರ ಜೆ.ಎಂ.ಡಬ್ಲ್ಯು. ಟರ್ನರ್ ಈ ಕೋಟೆಯನ್ನು ಬಣ್ಣಗಳಲ್ಲಿ ಹಿಡಿದಿಟ್ಟ. ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೊ ಇಲ್ಲಿಗೆ ಬಂದು ಬೆರಗಾದ. ಆದರೆ ಸಾಮಾನ್ಯ ಜರ್ಮನ್ನರಿಗೆ ಎಲ್ಟ್ಸ್ ಚಿರಪರಿಚಿತವಾದದ್ದು ಹಣದ ಮೂಲಕ. ಯೂರೊ ಬರುವುದಕ್ಕೆ ಮುಂಚಿನ ಪಶ್ಚಿಮ ಜರ್ಮನಿಯ 500 ಮಾರ್ಕ್ ನೋಟಿನ ಹಿಂಭಾಗದಲ್ಲಿ ಇದ್ದದ್ದು ಇದೇ ಕೋಟೆಯ ಚಿತ್ರ. 1965ರಲ್ಲಿ ಬಂದ ಆ ನೋಟಿನ ಜಾಗದಲ್ಲಿ 1992ರಲ್ಲಿ ಹೊಸ ವಿನ್ಯಾಸದ ನೋಟು ಬಂತು.

ಕೋಟೆಯ ನೆಲಮಾಳಿಗೆಯಲ್ಲಿರುವ ಖಜಾನೆಯಲ್ಲಿ 500ಕ್ಕೂ ಹೆಚ್ಚು ವಸ್ತುಗಳಿವೆ. ಆಗ್ಸ್‌ಬರ್ಗ್ ಮತ್ತು ನ್ಯೂರೆಂಬರ್ಗ್‌ನ ಅಕ್ಕಸಾಲಿಗರು ಮಾಡಿದ ಚಿನ್ನ-ಬೆಳ್ಳಿಯ ಕೆಲಸಗಳು ಅವುಗಳಲ್ಲಿ ಪ್ರಮುಖ. ಜಿಂಕೆಯ ಮೇಲೆ ಕುಳಿತ ಬೇಟೆಯ ದೇವತೆ ಡಯಾನಾಳ ಪ್ರತಿಮೆ ಎಲ್ಲರ ಗಮನ ಸೆಳೆಯುತ್ತದೆ. ಒಳಗೆ ಚಕ್ರಗಳ ಯಂತ್ರವಿರುವ ಈ ಬೊಂಬೆ ಔತಣದ ಮೇಜಿನ ಮೇಲೆ ತಾನೇ ಓಡುತ್ತಿತ್ತು. ಅದು ಯಾರೆದುರು ನಿಲ್ಲುತ್ತದೋ ಅವರು ಅದರೊಳಗಿನ ಮದ್ಯ ಕುಡಿಯಬೇಕಿತ್ತು.

ಹೋಗುವುದು ಹೇಗೆ?

ಭಾರತದಿಂದ ಹೋಗುವವರಿಗೆ ಷೆಂಗನ್ ವೀಸಾ ಬೇಕು. ಫ್ರಾಂಕ್‌ಫರ್ಟ್‌ಗೆ ವಿಮಾನದಲ್ಲಿ ಇಳಿದು, ರೈಲಿನಲ್ಲಿ ಕೊಬ್ಲೆಂಟ್ಸ್ ತಲುಪಿ, ಅಲ್ಲಿಂದ ಟ್ರಿಯರ್ ಮಾರ್ಗದ ರೈಲಿನಲ್ಲಿ ಮೊಸೆಲ್‌ಕರ್ನ್ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ತೊರೆಯ ಬದಿಯ ಕಾಡುದಾರಿಯಲ್ಲಿ ನಡೆದು ಬರುವುದು ಅನೇಕರಿಗೆ ಇಷ್ಟದ ಮಾರ್ಗ. ಇದಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳುವುದು ಒಳ್ಳೆಯದು. ಕಾರಿನಲ್ಲಿ ಬರುವವರು ಮೇಲಿನ ವಾಹನ ನಿಲುಗಡೆಯಿಂದ ನಡೆದು ಅಥವಾ ಅಲ್ಲಿನ ಸಣ್ಣ ಬಸ್ಸಿನಲ್ಲಿ ಕೋಟೆಗೆ ಇಳಿಯಬಹುದು.

ಸಾಮಾನ್ಯವಾಗಿ ಏಪ್ರಿಲ್‌ನಿಂದ ನವೆಂಬರ್ ಆರಂಭದವರೆಗೆ ಕೋಟೆ ಪ್ರವಾಸಿಗರಿಗೆ ತೆರೆದಿರುತ್ತದೆ. ಒಳಗಿನ ಕೋಣೆಗಳನ್ನು ಮಾರ್ಗದರ್ಶಕರ ಜೊತೆ ಮಾತ್ರ ನೋಡಬಹುದು, ಅಲ್ಲಿ ಫೋಟೊ ತೆಗೆಯಲು ಅವಕಾಶವಿಲ್ಲ. ಮೆಟ್ಟಿಲುಗಳು ಹೆಚ್ಚಿರುವುದರಿಂದ ಮಂಡಿನೋವು ಇರುವ ಹಿರಿಯರು ಮೊದಲೇ ಯೋಚಿಸಿ ಹೊರಡುವುದು ವಾಸಿ. ಸಮಯ ಮತ್ತು ಟಿಕೆಟ್ ದರ ಬದಲಾಗುವ ಕಾರಣ ಹೊರಡುವ ಮುನ್ನ ಕೋಟೆಯ ಅಧಿಕೃತ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಬೇಕು.

ಪ್ರವಾಸಿಗರಲ್ಲಿ ಹೆಚ್ಚಿನವರು ಇಳಿಜಾರು ದಾರಿಯ ತಿರುವಿನಲ್ಲಿ ನಿಂತು ಕೋಟೆಯ ಫೋಟೊ ತೆಗೆದುಕೊಳ್ಳುತ್ತಾರೆ. ಸ್ವಲ್ಪ ಸಮಯವಿದ್ದರೆ ಟ್ರುಟ್ಸ್ ಎಲ್ಟ್ಸ್‌ನ ಮುರುಕು ಗೋಡೆಗಳತ್ತಲೂ ಹೋಗಿಬರುವುದು ಒಳ್ಳೆಯದು. ಮೇಲೆ ನಿಂತು ಕೆಳಗಿನ ಕೋಟೆಯನ್ನು ನೋಡಿದಾಗ, ಇಷ್ಟು ಸುಲಭವಾಗಿ ಕಲ್ಲೇಟಿಗೆ ಸಿಗುವ ಜಾಗದಲ್ಲಿದ್ದೂ ಅದು ಉಳಿದದ್ದು ಎಂಥ ಸಂಗತಿ ಎಂಬುದು ಮನದಟ್ಟಾಗುತ್ತದೆ.

ಎಲ್ಟ್ಸ್ ಕೋಟೆ: ಸಂಕ್ಷಿಪ್ತ ಮಾಹಿತಿ

* ಸ್ಥಳ: ವಿಯರ್ಶೆಮ್, ರೈನ್‌ಲ್ಯಾಂಡ್-ಪ್ಯಾಲಟಿನೇಟ್, ಜರ್ಮನಿ
* ಮನೆತನದ ಮೊದಲ ಉಲ್ಲೇಖ: 1157
* ಮೂರು ಪಾಲಾದದ್ದು: 1268ಕ್ಕೆ ಮುನ್ನ
* ಎಲ್ಟ್ಸ್ ಕಲಹ: 1331-1336
* ಅತಿ ಹಳೆಯ ಭಾಗ: ಪ್ಲಾಟ್ ಎಲ್ಟ್ಸ್ ಗೋಪುರ
* ಒಬ್ಬನೇ ಒಡೆಯನ ಕೈಸೇರಿದ್ದು: 1815
* ದೊಡ್ಡ ದುರಸ್ತಿಗಳು: 1845-1888, 2009-2012
* ಇಂದಿನ ಒಡೆತನ: ಎಲ್ಟ್ಸ್ ಮನೆತನದ ಕೆಂಪೆನಿಖ್ ಕವಲು